ಮ್ಯಾಡ್ರಿಡ್‌ನಿಂದ ಸಲಮಾಂಕಾಕ್ಕೆ: ಗಂಟೆ ಎಣಿಸುವ ಮುಂಚೆ ಲಗೇಜು ಎತ್ತಿಳಿಸುವುದನ್ನು ಎಣಿಸಿ

ಪ್ರಶ್ನೆ: ನಾನು ಶಿವಮೊಗ್ಗದ ನಿವೃತ್ತ ಶಿಕ್ಷಕ, ವಯಸ್ಸು 64. ಮಗಳಿಗೆ ಸ್ಪೇನಿನ ಸಲಮಾಂಕಾ ವಿಶ್ವವಿದ್ಯಾಲಯದಲ್ಲಿ ಎಂ.ಎ. ಸೀಟು ಸಿಕ್ಕಿದೆ. ಅವಳನ್ನು ಬಿಟ್ಟುಬರಲು ನಾನೂ ನನ್ನ ಹೆಂಡತಿಯೂ ಸೆಪ್ಟೆಂಬರ್ ಮೊದಲ ವಾರ ಹೊರಟಿದ್ದೇವೆ. ವಿಮಾನ ಮಧ್ಯಾಹ್ನ ಒಂದೂವರೆಗೆ ಮ್ಯಾಡ್ರಿಡ್‌ನ ನಾಲ್ಕನೇ ಟರ್ಮಿನಲ್‌ನಲ್ಲಿ ಇಳಿಯುತ್ತದೆ. ಮೂವರಿಂದ ನಾಲ್ಕು ದೊಡ್ಡ ಸೂಟ್‌ಕೇಸು. ಹೆಂಡತಿಗೆ ಮಂಡಿನೋವು. ಫಾಸ್ಟ್ ಟ್ರೈನ್‌ನಲ್ಲಿ ಒಂದೂಮುಕ್ಕಾಲು ಗಂಟೆಯೊಳಗೆ ಸಲಮಾಂಕಾ ಅಂತ ಮೊಬೈಲ್ ತೋರಿಸುತ್ತಿದೆ, ಅದನ್ನೇ ಬುಕ್ ಮಾಡೋಣ ಎನ್ನುವುದು ಮಗಳ ಮಾತು. ಕಾರು ಬಾಡಿಗೆಗೆ ತಗೊಳ್ಳಿ ಎಂದು ತಮ್ಮನ ಮಗ ಹೇಳುತ್ತಾನೆ. ಆ ರಾತ್ರಿ ಮ್ಯಾಡ್ರಿಡ್‌ನಲ್ಲೇ ಉಳಿದು ಬೆಳಿಗ್ಗೆ ಹೋದರಾಯಿತು ಎಂದು ನನ್ನ ಹೆಂಡತಿ. ಯಾವುದು ಸರಿ?

ಉತ್ತರ: ಮೇಷ್ಟ್ರೇ, ಮೊದಲಿಗೆ ನಿಮ್ಮ ಮಗಳಿಗೆ ಅಭಿನಂದನೆ. 1218ರಲ್ಲಿ ಶುರುವಾದ ವಿಶ್ವವಿದ್ಯಾಲಯ ಅದು, ಸ್ಪೇನಿನಲ್ಲಿ ಇವತ್ತಿಗೂ ನಡೆಯುತ್ತಿರುವವುಗಳಲ್ಲಿ ಎಲ್ಲಕ್ಕಿಂತ ಹಳೆಯದು. ಆ ಊರಿಗೆ ಮಗಳನ್ನು ಬಿಡಲು ಅಪ್ಪ ಅಮ್ಮ ಇಬ್ಬರೂ ಜೊತೆಗೆ ಹೋಗುತ್ತಿರುವುದು ನನಗೆ ತುಂಬಾ ಸಂತೋಷದ ವಿಷಯ.

ಪ್ರಶ್ನೆಗೆ ನೇರವಾಗಿ ಹೇಳಿಬಿಡುತ್ತೇನೆ. ಹೋಗುವಾಗ ವಿಮಾನ ನಿಲ್ದಾಣದಿಂದಲೇ ಸಲಮಾಂಕಾಕ್ಕೆ ಹೊರಡುವ ನೇರ ಬಸ್ಸು ಹಿಡಿಯಿರಿ. ರೈಲನ್ನು ವಾಪಸು ಬರುವಾಗಿನ ಪ್ರಯಾಣಕ್ಕೆ ಇಟ್ಟುಕೊಳ್ಳಿ. ಕಾರು ಬೇಡ. ಮ್ಯಾಡ್ರಿಡ್‌ನಲ್ಲಿ ರಾತ್ರಿ ಉಳಿಯುವ ಅಗತ್ಯ ನಿಮಗಿಲ್ಲ. ಯಾಕೆ ಅನ್ನುವುದನ್ನು ವಿವರವಾಗಿ ಬರೆಯುತ್ತೇನೆ. ಇದೇ ಪ್ರಶ್ನೆ ಪ್ರತಿ ವರ್ಷ ಆಗಸ್ಟ್ ಬಂದ ಕೂಡಲೇ ನಮ್ಮ ಕಡೆಯ ಹತ್ತಾರು ಅಪ್ಪ ಅಮ್ಮಂದಿರಿಂದ ಬರುತ್ತದೆ, ಅವರಿಗೂ ಇದು ಆದೀತು.

ದೂರದ ಅಂದಾಜು ಮೊದಲು ಇರಲಿ. ಮ್ಯಾಡ್ರಿಡ್‌ನಿಂದ ಸಲಮಾಂಕಾಕ್ಕೆ ವಾಯವ್ಯ ದಿಕ್ಕಿನಲ್ಲಿ ಸುಮಾರು 210 ಕಿಲೋಮೀಟರ್. ಬೆಂಗಳೂರಿನಿಂದ ಚಿತ್ರದುರ್ಗಕ್ಕೆ ಹೋದಷ್ಟು ಎಂದಿಟ್ಟುಕೊಳ್ಳಿ, ನಿಮ್ಮ ಶಿವಮೊಗ್ಗಕ್ಕಿಂತ ಹತ್ತಿರ. ನಡುವೆ ಗ್ವಾದರ್ರಾಮ ಎಂಬ ಬೆಟ್ಟಸಾಲು ಅಡ್ಡ ಮಲಗಿದೆ. ಅದನ್ನು ದಾಟಿದರೆ ಆಮೇಲೆ ಬಯಲುಸೀಮೆ, ಗೋಧಿ ಹೊಲ. ಇಷ್ಟು ದೂರಕ್ಕೆ ಯಾವ ವಾಹನ ಹತ್ತಿದರೂ ಒಂದು ಗಂಟೆ ಹೆಚ್ಚು, ಒಂದು ಗಂಟೆ ಕಡಿಮೆ, ಅಷ್ಟೇ. ವ್ಯತ್ಯಾಸ ಬರುವುದು ವಾಹನದೊಳಗಿನ ಸಮಯದಲ್ಲಿ ಅಲ್ಲ, ಒಂದು ವಾಹನ ಇಳಿದು ಇನ್ನೊಂದು ಹತ್ತುವ ನಡುವಿನ ಸಮಯದಲ್ಲಿ.

ಮೊಬೈಲ್ ತೋರಿಸುವ ರೈಲು ಸುಳ್ಳಲ್ಲ. ಆಲ್ವಿಯಾ ಎಂದು ಅದರ ಹೆಸರು, ರೆನ್ಫೆ ಅಂದರೆ ಅಲ್ಲಿನ ಸರ್ಕಾರಿ ರೈಲ್ವೆ ಕಂಪನಿಯ ಗಾಡಿ. ಒಂದು ಗಂಟೆ ನಲವತ್ತು ನಿಮಿಷದ ಆಸುಪಾಸಿನಲ್ಲಿ ಸಲಮಾಂಕಾ ಮುಟ್ಟಿಸುತ್ತದೆ. ಬಹಳ ಒಳ್ಳೆಯ ಗಾಡಿ, ನಾನು ಸ್ವತಃ ಇಷ್ಟಪಟ್ಟು ಹತ್ತುತ್ತೇನೆ. ಆದರೆ ಅದು ಹೊರಡುವುದು ಚಮಾರ್ತಿನ್ ಸ್ಟೇಷನ್ನಿನಿಂದ, ನಿಮ್ಮ ವಿಮಾನ ಇಳಿಯುವುದು ಬರಾಹಾಸ್ ವಿಮಾನ ನಿಲ್ದಾಣದಲ್ಲಿ. ನಡುವಿನ ಆ ದಾರಿಯನ್ನು ನಿಮ್ಮ ನಾಲ್ಕು ಸೂಟ್‌ಕೇಸಿನ ಕಣ್ಣಿಂದ ನೋಡೋಣ.

ವಿಮಾನದಿಂದ ಇಳಿಯುತ್ತೀರಿ. ಯುರೋಪಿನ ಹೊರಗಿನಿಂದ ನಾಲ್ಕನೇ ಟರ್ಮಿನಲ್‌ಗೆ ಬರುವ ವಿಮಾನಗಳು ಸಾಮಾನ್ಯವಾಗಿ ಅದರ ಉಪ ಕಟ್ಟಡದಲ್ಲಿ ನಿಲ್ಲುತ್ತವೆ. ಪಾಸ್‌ಪೋರ್ಟ್ ತಪಾಸಣೆ ಮುಗಿಸಿ, ನೆಲದಡಿಯಲ್ಲಿ ಓಡುವ ಚಾಲಕನಿಲ್ಲದ ಪುಟ್ಟ ರೈಲು ಹಿಡಿದು ಮುಖ್ಯ ಕಟ್ಟಡಕ್ಕೆ ಬಂದರೆ ಲಗೇಜು ಸಿಗುತ್ತದೆ. 2025ರ ಅಕ್ಟೋಬರ್ 12ರಿಂದ ಷೆಂಗೆನ್, ಅಂದರೆ ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳ ಗುಂಪಿನ ಗಡಿಗಳಲ್ಲಿ ಹಂತಹಂತವಾಗಿ ಹೊಸ ಪದ್ಧತಿ ಬಂದಿದೆ. ಪ್ರವಾಸಿ ವೀಸಾದಲ್ಲಿ ಬರುವವರ ಫೋಟೋ ಗಡಿಯಲ್ಲೇ ದಾಖಲಾಗುತ್ತದೆ, ವೀಸಾಕ್ಕೆ ಕೊಟ್ಟ ಬೆರಳಚ್ಚನ್ನು ತಾಳೆ ನೋಡಬಹುದು. ಇದು ನಿಮ್ಮಿಬ್ಬರಿಗೆ ಅನ್ವಯಿಸುತ್ತದೆ, ಕ್ಯೂ ಉದ್ದ ಇರಬಹುದು. ಒಂದೂವರೆಗೆ ಇಳಿದವರು ಲಗೇಜು ಸಮೇತ ಹೊರಬಾಗಿಲಿಗೆ ಬರುವಾಗ ಮೂರೂಕಾಲು ಎಂದು ಲೆಕ್ಕ ಹಾಕಿ. ಮುಂಚೆ ಬಂದರೆ ಲಾಭವೇ.

ಇಲ್ಲಿಂದ ರೈಲಿನವರ ಕಷ್ಟ ಶುರು. ನಾಲ್ಕನೇ ಟರ್ಮಿನಲ್‌ನ ಕೆಳಗೆ ಸೆರ್ಕಾನಿಯಾಸ್ ಎಂಬ ಲೋಕಲ್ ರೈಲಿನ ನಿಲ್ದಾಣವಿದೆ. ಲಿಫ್ಟಿನಲ್ಲಿ ಇಳಿಯಬೇಕು, ಟಿಕೆಟ್ ಗೇಟು ದಾಟಬೇಕು, ಲೋಕಲ್ ರೈಲಿಗೆ ನಾಲ್ಕೂ ಸೂಟ್‌ಕೇಸು ಹತ್ತಿಸಬೇಕು. ಹದಿನೈದು ನಿಮಿಷದೊಳಗೆ ಚಮಾರ್ತಿನ್ ಬಂದುಬಿಡುತ್ತದೆ, ಇಳಿಸಬೇಕು. ಮತ್ತೆ ಗೇಟು, ಮತ್ತೆ ಮೇಲಿನ ಮಹಡಿ. ಸ್ಪೇನಿನಲ್ಲಿ ದೂರದ ರೈಲಿಗೆ ಹತ್ತುವ ಮುಂಚೆ ವಿಮಾನ ನಿಲ್ದಾಣದಂತೆಯೇ ಲಗೇಜು ಸ್ಕ್ಯಾನ್ ಮಾಡುತ್ತಾರೆ. ಅಂದರೆ ನಾಲ್ಕನ್ನೂ ಬೆಲ್ಟಿನ ಮೇಲೆ ಎತ್ತಿಡಬೇಕು, ಆ ಕಡೆ ಹೋಗಿ ಇಳಿಸಬೇಕು. ಯಾವ ಪ್ಲಾಟ್‌ಫಾರ್ಮ್ ಅನ್ನುವುದನ್ನು ಹೊರಡಲು ಇನ್ನೇನು ಸ್ವಲ್ಪ ಹೊತ್ತು ಇರುವಾಗ ಬೋರ್ಡಿನಲ್ಲಿ ಹಾಕುತ್ತಾರೆ. ಆಗ ಎಲ್ಲರೂ ಒಟ್ಟಿಗೆ ಎದ್ದು ಹೊರಡುತ್ತಾರೆ, ಗಾಡಿ ಬಿಡುವ ಎರಡು ನಿಮಿಷ ಮುಂಚೆ ಗೇಟು ಮುಚ್ಚುತ್ತದೆ. ಕೊನೆಗೆ ಬೋಗಿಯೊಳಗೆ ಹತ್ತಿಸಿ, ಬಾಗಿಲ ಪಕ್ಕದ ಸ್ಟ್ಯಾಂಡಿನಲ್ಲಿ ಜಾಗ ಹುಡುಕಿ, ಸಲಮಾಂಕಾದಲ್ಲಿ ಮತ್ತೆ ಇಳಿಸಬೇಕು.

ನಾನು ಒಮ್ಮೆ ಚಮಾರ್ತಿನ್‌ನಲ್ಲಿ ಧಾರವಾಡದ ಕಡೆಯ ಒಂದು ಕುಟುಂಬವನ್ನು ನೋಡಿದೆ. ಮಗ ಎರಡು ಪೆಟ್ಟಿಗೆ ಎಳೆದುಕೊಂಡು ಎಸ್ಕಲೇಟರ್ ಇಳಿದುಬಿಟ್ಟಿದ್ದ. ಉಳಿದೆರಡು ಪೆಟ್ಟಿಗೆಗಳ ನಡುವೆ ಆ ತಾಯಿ ಮೇಲೆಯೇ ನಿಂತಿದ್ದರು. ಒಂದು ಕೈ ಒಂದು ಹಿಡಿಯ ಮೇಲೆ, ಇನ್ನೊಂದು ಕೈ ಇನ್ನೊಂದರ ಮೇಲೆ, ಹೆಗಲಿಂದ ವ್ಯಾನಿಟಿ ಬ್ಯಾಗು ಜಾರಿ ಮೊಣಕೈಗೆ ಬಂದು ನೇತಾಡುತ್ತಿತ್ತು. ಅದನ್ನು ಮೇಲೆ ಸರಿಸಿಕೊಳ್ಳಲು ಒಂದು ಕೈಯನ್ನಾದರೂ ಬಿಡಬೇಕು, ಬಿಟ್ಟರೆ ಪೆಟ್ಟಿಗೆ ಉರುಳುತ್ತದೆ. ಹಾಗೇ ನಿಂತು "ಲೇ, ಲೇ" ಎಂದು ಮಗನನ್ನು ಕರೆಯುತ್ತಿದ್ದರು. ಕನ್ನಡ ಕಿವಿಗೆ ಬಿದ್ದದ್ದರಿಂದ ನಾನು ಓಡಿಹೋಗಿ ಒಂದು ಪೆಟ್ಟಿಗೆ ಹಿಡಿದೆ. ಅವತ್ತಿನಿಂದ ಯಾರೇ ಕೇಳಿದರೂ ನಾನು ಮೊದಲು ಕೇಳುವ ಮರುಪ್ರಶ್ನೆ, ನಿಮ್ಮ ಲಗೇಜು ಎಷ್ಟು, ಎತ್ತುವವರು ಯಾರು ಎಂದು.

ನಿಮ್ಮ ಲೆಕ್ಕದಲ್ಲಿ ಎತ್ತುವವರು ನೀವು ಮತ್ತು ಮಗಳು. ನಾಲ್ಕು ಪೆಟ್ಟಿಗೆ, ಒಂದೊಂದು 23 ಕಿಲೋ ಅಂದರೂ 92 ಕಿಲೋ. ರೈಲಿನಲ್ಲಿ ಒಬ್ಬರಿಗೆ 25 ಕಿಲೋ ಮಿತಿ, ಮೂವರಿಗೆ 75. ತಕ್ಕಡಿ ಇಟ್ಟು ತೂಗುವುದನ್ನು ನಾನು ಕಂಡಿಲ್ಲ, ಆದರೆ ನಿಯಮ ಅದೇ. ಪೆಟ್ಟಿಗೆಯ ಅಳತೆಗೂ ಮಿತಿ ಇದೆ. ಬಸ್ಸಿನಲ್ಲಿ ಒಬ್ಬರಿಗೆ 30 ಕಿಲೋ ಉಚಿತ, ಮೂವರಿಗೆ 90. ಎರಡು ಕಿಲೋ ಹೆಚ್ಚಾಯಿತು, ಅಮ್ಮನವರ ಚಟ್ನಿಪುಡಿ ಡಬ್ಬಿಯನ್ನು ಕೈಚೀಲಕ್ಕೆ ಹಾಕಿಕೊಂಡರೆ ಸರಿಹೋಗುತ್ತದೆ.

ಚಟ್ನಿಪುಡಿ ಅಂದಮೇಲೆ ಇನ್ನೊಂದು ಮಾತು ಹೇಳಲೇಬೇಕು. ಪುಡಿ, ಉಪ್ಪಿನಕಾಯಿ, ಅವಲಕ್ಕಿ ಪರವಾಗಿಲ್ಲ. ಆದರೆ ಹಾಲಿನ ಪದಾರ್ಥ ಮತ್ತು ಮಾಂಸವನ್ನು ಹೊರದೇಶದ ಪ್ರಯಾಣಿಕರು ಯುರೋಪಿನ ಒಕ್ಕೂಟದೊಳಗೆ ತರುವಂತಿಲ್ಲ. ಮನೆ ತುಪ್ಪ, ಪೇಡಾ, ಕುಂದಾ ಎಲ್ಲ ಅದರಲ್ಲಿ ಸೇರುತ್ತವೆ. ಸಿಕ್ಕಿದರೆ ತೆಗೆದು ಬಿಸಾಡುತ್ತಾರೆ, ದಂಡವನ್ನೂ ಹಾಕಬಹುದು. ಮಗಳಿಗೆಂದು ಪ್ರೀತಿಯಿಂದ ಕಾಯಿಸಿದ ತುಪ್ಪ ಕಸದ ಡಬ್ಬಿಗೆ ಬೀಳುವುದನ್ನು ನೋಡುವ ಸಂಕಟ ಬೇಡ, ಅದನ್ನು ಮನೆಯಲ್ಲೇ ಬಿಟ್ಟುಬನ್ನಿ. ಬೆಣ್ಣೆ ಸ್ಪೇನಿನ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ಅವಳೇ ಕಾಯಿಸಿಕೊಳ್ಳಲಿ.

ಈಗ ಬಸ್ಸು. ಅವಾಂಸಾ ಎಂಬ ಕಂಪನಿಯ ಬಸ್ಸುಗಳು ಬರಾಹಾಸ್‌ನ ಒಂದನೇ ಮತ್ತು ನಾಲ್ಕನೇ ಟರ್ಮಿನಲ್‌ನಿಂದ ನೇರವಾಗಿ ಸಲಮಾಂಕಾಕ್ಕೆ ಹೋಗುತ್ತವೆ. ಹೆಚ್ಚುಕಡಿಮೆ ಮೂರು ಗಂಟೆಯ ದಾರಿ. ಕಾಗದದ ಮೇಲೆ ಇದು ರೈಲಿಗಿಂತ ಒಂದು ಗಂಟೆಗೂ ಹೆಚ್ಚು ನಿಧಾನ. ನಿಜವಾದ ಲೆಕ್ಕ ಬೇರೆ. ಲಗೇಜನ್ನು ಒಂದು ಸಲ ಡಿಕ್ಕಿಗೆ ಹಾಕುತ್ತೀರಿ, ಒಂದು ಸಲ ತೆಗೆಯುತ್ತೀರಿ. ಅಷ್ಟೇ. ನಡುವೆ ಸ್ಟೇಷನ್ ಬದಲಿಸುವುದಿಲ್ಲ, ಸ್ಕ್ಯಾನ್ ಇಲ್ಲ, ಮಹಡಿ ಹತ್ತಿ ಇಳಿಯುವುದಿಲ್ಲ. ರಾತ್ರಿಯಿಡೀ ವಿಮಾನದಲ್ಲಿ ಕೂತು ಬಂದ ಅಮ್ಮನವರು ಬಸ್ಸಿನಲ್ಲಿ ಕಾಲು ಚಾಚಿ ಮಲಗಬಹುದು.

ಆಲ್ವಿಯಾ ದಿನಕ್ಕೆ ಬೆರಳೆಣಿಕೆಯಷ್ಟು ಮಾತ್ರ ಓಡುತ್ತದೆ. ಇಮಿಗ್ರೇಷನ್ ಕ್ಯೂನಲ್ಲಿ ತಡವಾಗಿ ಒಂದು ಗಾಡಿ ತಪ್ಪಿದರೆ ಮುಂದಿನದಕ್ಕೆ ಗಂಟೆಗಟ್ಟಲೆ ಕಾಯಬೇಕು, ಸೀಟು ಇರುವ ಖಾತ್ರಿಯೂ ಇಲ್ಲ. ವಿಮಾನ ನಿಲ್ದಾಣದ ಬಸ್ಸೂ ಗಂಟೆಗೊಂದು ಇರುವುದಿಲ್ಲ, ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಅದು ತಪ್ಪಿದರೂ ಕೈಯಲ್ಲಿ ಇನ್ನೊಂದು ದಾರಿ ಉಳಿಯುತ್ತದೆ. ಮ್ಯಾಡ್ರಿಡ್‌ನ ದಕ್ಷಿಣದಲ್ಲಿ ಮೆಂದೆಸ್ ಆಲ್ವಾರೊ ಎಂಬಲ್ಲಿ ದೊಡ್ಡ ಬಸ್ ಸ್ಟ್ಯಾಂಡಿದೆ, ಎಸ್ತಾಸಿಯೋನ್ ಸುರ್ ಅನ್ನುತ್ತಾರೆ. ನಮ್ಮ ಮೆಜೆಸ್ಟಿಕ್ ಇದ್ದಹಾಗೆ. ಅಲ್ಲಿಂದ ಸಲಮಾಂಕಾಕ್ಕೆ ಹಗಲೆಲ್ಲಾ ಒಂದಾದ ಮೇಲೊಂದು ಬಸ್ಸು ಇರುತ್ತದೆ, ಎಕ್ಸ್‌ಪ್ರೆಸ್ ಆದರೆ ಎರಡೂವರೆ ಗಂಟೆಯಲ್ಲಿ ತಲುಪಿಸುತ್ತದೆ. ನಾಲ್ಕನೇ ಟರ್ಮಿನಲ್‌ನ ಲೋಕಲ್ ರೈಲಿನಲ್ಲಿ ಸಿ-1 ಮಾರ್ಗ ಹಿಡಿದರೆ ಎಲ್ಲೂ ಬದಲಿಸದೆ ಮೆಂದೆಸ್ ಆಲ್ವಾರೊದಲ್ಲೇ ಇಳಿಯಬಹುದು. ಟ್ಯಾಕ್ಸಿಯಾದರೆ ವಿಮಾನ ನಿಲ್ದಾಣದಿಂದ ಎಂ-30 ವರ್ತುಲ ರಸ್ತೆಯ ಒಳಗಿನ ಎಲ್ಲ ಜಾಗಕ್ಕೂ ಒಂದೇ ನಿಗದಿತ ದರ, ನಾನು ನೋಡಿದಾಗ 33 ಯೂರೋ ಇತ್ತು. ಲಗೇಜಿಗೆ ಬೇರೆ ಹಣ ಕೊಡಬೇಕಿಲ್ಲ, ಚೌಕಾಸಿಯೂ ಬೇಕಿಲ್ಲ. ನಾಲ್ಕು ಪೆಟ್ಟಿಗೆ ಮಾಮೂಲಿ ಕಾರಿನಲ್ಲಿ ಹಿಡಿಯುವುದಿಲ್ಲ, ಕ್ಯೂ ನೋಡಿಕೊಳ್ಳುವವರಿಗೆ ಪೆಟ್ಟಿಗೆಗಳನ್ನು ತೋರಿಸಿ "ತಾಕ್ಸಿ ಗ್ರಾಂದೆ" ಅಂದರೆ ದೊಡ್ಡ ಗಾಡಿ ಕರೆಸುತ್ತಾರೆ.

ಟಿಕೆಟ್ಟನ್ನು ಮುಂಚೆಯೇ ಆನ್‌ಲೈನಿನಲ್ಲಿ ತೆಗೆಯಿರಿ. ಸೆಪ್ಟೆಂಬರ್‌ನಲ್ಲಿ ವಿದ್ಯಾರ್ಥಿಗಳೆಲ್ಲ ವಾಪಸು ಬರುವ ಹೊತ್ತು, ಅದರಲ್ಲೂ ಶುಕ್ರವಾರ ಸಂಜೆ, ಭಾನುವಾರ ಸಂಜೆ ಬಸ್ಸು ತುಂಬಿಬಿಡುತ್ತದೆ. ಒಂದೂವರೆಯ ವಿಮಾನಕ್ಕೆ ಸಂಜೆ ನಾಲ್ಕರ ನಂತರ ಹೊರಡುವ ಬಸ್ಸನ್ನೇ ಆರಿಸಿ. ದಿನಾಂಕ ಅಥವಾ ವೇಳೆ ಬದಲಿಸಲು ಅವಕಾಶವಿರುವ ಟಿಕೆಟ್ಟಿಗೆ ಎರಡು ಮೂರು ಯೂರೋ ಹೆಚ್ಚಾದರೂ ಕೊಡಿ, ಇಲ್ಲಿ ಉಳಿಸಬೇಡಿ. ಹಣ ಕಟ್ಟುವ ಮುಂಚೆ ನಿಮ್ಮ ಬ್ಯಾಂಕಿನ ಆ್ಯಪಿನಲ್ಲಿ ಕಾರ್ಡಿನ ಅಂತರರಾಷ್ಟ್ರೀಯ ವಹಿವಾಟು ಆನ್ ಆಗಿದೆಯೇ ನೋಡಿ. ನಮ್ಮಲ್ಲಿ ಹೊಸ ಕಾರ್ಡುಗಳಲ್ಲಿ ಅದು ಮೊದಲಿಗೆ ಆಫ್ ಆಗಿಯೇ ಬರುತ್ತದೆ. ಮೂರು ಸಲ ಹಣ ಕಟ್ಟಲು ಹೋಗಿ, ಆಗದೆ, ಟಿಕೆಟ್ ತಾಣವೇ ಕೆಟ್ಟಿದೆ ಎಂದು ಕೈಬಿಟ್ಟವರು ಬಹಳ ಮಂದಿ.

ಬಸ್ಸು ಹತ್ತುವ ಜಾಗ ಆಗಮನ ಮಹಡಿಯಿಂದ ಹೊರಗೆ. "ದಾರ್ಸೆನಾ" ಅಂತ ಬರೆದು ನಂಬರ್ ಹಾಕಿರುತ್ತಾರೆ, ನಮ್ಮ ಬಸ್ ಸ್ಟ್ಯಾಂಡಿನ ಪ್ಲಾಟ್‌ಫಾರ್ಮ್ ನಂಬರ್ ಇದ್ದಹಾಗೆ. ಡಿಕ್ಕಿಯಲ್ಲಿ ನಿಮ್ಮ ಪೆಟ್ಟಿಗೆಯನ್ನು ನೀವೇ ಇಡಬೇಕಾಗಬಹುದು, ಯಾರಾದರೂ ಬರುತ್ತಾರೆಂದು ಕಾಯಬೇಡಿ. ಪಾಸ್‌ಪೋರ್ಟು, ಮಗಳ ಪ್ರವೇಶ ಪತ್ರ, ಔಷಧಿ ಇವನ್ನು ಮಾತ್ರ ಮೇಲೆ ನಿಮ್ಮ ಜೊತೆಗೇ ಇಟ್ಟುಕೊಳ್ಳಿ. ಸೀಟ್‌ಬೆಲ್ಟ್ ಹಾಕುವುದು ಬಸ್ಸಿನಲ್ಲೂ ಕಡ್ಡಾಯ. ಎಲ್ಲ ಬಸ್ಸಿನಲ್ಲೂ ಶೌಚಾಲಯ ಇರುವುದಿಲ್ಲ, ಟರ್ಮಿನಲ್‌ನಲ್ಲೇ ಹೋಗಿಬಂದು ಹತ್ತಿ. ನೀರಿನ ಬಾಟಲಿಯೂ ಅಲ್ಲೇ ತುಂಬಿಸಿಕೊಳ್ಳಿ, ಸ್ಪೇನಿನ ಬಹುತೇಕ ಕಡೆ ನಲ್ಲಿ ನೀರು ಕುಡಿಯಲು ಯೋಗ್ಯ.

ಅಮ್ಮನವರು ಹೇಳುವ ರಾತ್ರಿಯ ವಾಸ್ತವ್ಯದ ಬಗ್ಗೆ. ಅವರ ಚಿಂತೆ ನನಗೆ ಅರ್ಥವಾಗುತ್ತದೆ, ಕತ್ತಲಾದ ಮೇಲೆ ಗೊತ್ತಿಲ್ಲದ ಊರಿನಲ್ಲಿ ಇಳಿಯುವುದು ಹೇಗೆ ಎಂಬ ಭಯ. ಆದರೆ ಸೆಪ್ಟೆಂಬರ್ ಮೊದಲ ವಾರ ಸಲಮಾಂಕಾದಲ್ಲಿ ಸೂರ್ಯ ಮುಳುಗುವುದು ರಾತ್ರಿ ಎಂಟೂವರೆ ದಾಟಿದ ಮೇಲೆ. ನಾಲ್ಕರ ಬಸ್ಸು ಹಿಡಿದವರು ಏಳರ ಹೊತ್ತಿಗೆ, ಇನ್ನೂ ಬಿಸಿಲಿರುವಾಗಲೇ ಇಳಿಯುತ್ತಾರೆ. ಮ್ಯಾಡ್ರಿಡ್‌ನಲ್ಲಿ ಉಳಿಯುವುದು ಅಂದರೆ ಆ ನಾಲ್ಕು ಪೆಟ್ಟಿಗೆಗಳ ಜೊತೆ ಊರೊಳಗೆ ಹೋಗಿ, ಮರುದಿನ ಅವುಗಳ ಜೊತೆಯೇ ಹೊರಬರುವುದು. ಎಂಟು ಸಲ ಎತ್ತುವುದು, ಎಂಟು ಸಲ ಇಳಿಸುವುದು ಹೆಚ್ಚಾಯಿತು. ನಿಮ್ಮ ವಿಮಾನ ರಾತ್ರಿ ಎಂಟು ಒಂಬತ್ತಕ್ಕೆ ಇಳಿಯುವಂತಿದ್ದರೆ ನಾನೇ ಉಳಿಯಿರಿ ಎನ್ನುತ್ತಿದ್ದೆ, ಅದೂ ವಿಮಾನ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ.

ಸಲಮಾಂಕಾದ ಬಸ್ ಸ್ಟ್ಯಾಂಡು ಊರಿನ ಪಶ್ಚಿಮಕ್ಕಿದೆ. ಊರಿನ ನಡುವಿರುವ ಪ್ಲಾಸಾ ಮಯೋರ್ ಎಂಬ ದೊಡ್ಡ ಚೌಕಕ್ಕೆ ಕೈಬೀಸಿ ನಡೆದರೆ ಹದಿನೈದು ನಿಮಿಷ. ನೀವು ನಡೆಯಬೇಡಿ, ಟ್ಯಾಕ್ಸಿ ತಗೊಳ್ಳಿ, ಚಿಕ್ಕ ಊರು, ಹೆಚ್ಚು ಆಗುವುದಿಲ್ಲ. ವಿಳಾಸವನ್ನು ಸ್ಪ್ಯಾನಿಷ್‌ನಲ್ಲಿ ಬರೆದು ಮೊಬೈಲಿನಲ್ಲಿ ಇಟ್ಟುಕೊಂಡಿರಿ. ಒಂದು ಎಚ್ಚರಿಕೆ: ಸೆಪ್ಟೆಂಬರ್ 8 ಆ ಊರಿನ ದೇವಿಯ ಹಬ್ಬ, ಅದರ ಹಿಂದೆ ಮುಂದೆ ಜಾತ್ರೆ. ಹೋಟೆಲು ತುಂಬಿರುತ್ತವೆ. ಕೋಣೆ ಕಾದಿರಿಸದಿದ್ದರೆ ಇವತ್ತೇ ಆ ಕೆಲಸ ಮಾಡಿ, ಬಸ್ ಟಿಕೆಟ್ಟಿಗಿಂತ ಮುಂಚೆ.

ಕಾರಿನ ವಿಚಾರ ಎರಡು ಮಾತಿನಲ್ಲಿ ಮುಗಿಸುತ್ತೇನೆ. ರಸ್ತೆ ಅದ್ಭುತವಾಗಿದೆ, ಎ-6, ಎಪಿ-6 ಹೆದ್ದಾರಿಗಳಲ್ಲಿ ಬೆಟ್ಟ ದಾಟಿ ಆವಿಲಾ ಮೇಲೆ ಎ-50ರಲ್ಲಿ ಸಲಮಾಂಕಾ. ಆದರೆ ರಾತ್ರಿಯೆಲ್ಲಾ ನಿದ್ದೆಗೆಟ್ಟು ಇಳಿದವರು, ಜೀವಮಾನವೆಲ್ಲಾ ರಸ್ತೆಯ ಎಡಬದಿಯಲ್ಲಿ ಓಡಿಸಿದವರು, ಆ ದಿನವೇ ಬಲಬದಿಯಲ್ಲಿ ಓಡಿಸಲು ಕೂರುವುದು ನನಗೆ ಸರ್ವಥಾ ಒಪ್ಪಿಗೆಯಿಲ್ಲ. ಅದೂ ಅಲ್ಲದೆ ಹಳೆಯ ಸಲಮಾಂಕಾ ನಡೆದಾಡುವವರ ಊರು, ಕಾರು ನಿಲ್ಲಿಸುವುದೇ ತಲೆನೋವು. ನಿಮ್ಮ ತಮ್ಮನ ಮಗ ಜೊತೆಗೆ ಬಂದು ಸುತ್ತಮುತ್ತಲ ಹಳ್ಳಿ ನೋಡುವ ಯೋಜನೆ ಇದ್ದರೆ ಎರಡು ದಿನ ಸುಧಾರಿಸಿಕೊಂಡ ಮೇಲೆ ಸಲಮಾಂಕಾದಲ್ಲೇ ಬಾಡಿಗೆಗೆ ತಗೊಳ್ಳಲಿ. ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಶಿವಮೊಗ್ಗದ ಆರ್‌ಟಿಒದಲ್ಲೇ ಮಾಡಿಸಿಕೊಂಡು ಹೊರಡಬೇಕು.

ಬ್ಲಾಬ್ಲಾಕಾರ್ ಎಂಬ ಆ್ಯಪ್ ಅಲ್ಲಿ ವಿದ್ಯಾರ್ಥಿಗಳಲ್ಲಿ ಬಹಳ ಬಳಕೆಯಲ್ಲಿದೆ. ಮ್ಯಾಡ್ರಿಡ್‌ಗೆ ಹೋಗುವವರು ತಮ್ಮ ಕಾರಿನ ಖಾಲಿ ಸೀಟು ಹಂಚಿಕೊಂಡು ಖರ್ಚು ಭಾಗ ಮಾಡಿಕೊಳ್ಳುತ್ತಾರೆ. ನಿಮ್ಮ ಈ ಪ್ರಯಾಣಕ್ಕೆ ಅದು ಒಗ್ಗುವುದಿಲ್ಲ. ಮಗಳು ಊರಿಗೆ ಹೊಂದಿಕೊಂಡು, ಗೆಳತಿಯರಾದ ಮೇಲೆ ಬೇಕಾದರೆ ನೋಡಿಕೊಳ್ಳಲಿ.

ಇನ್ನು ರೈಲು. ವಾಪಸು ಬರುವಾಗ ನೀವಿಬ್ಬರೇ, ಪೆಟ್ಟಿಗೆಗಳು ಖಾಲಿ, ಒಂದರೊಳಗೊಂದು ಇಟ್ಟರೆ ಎರಡೇ. ಆಗ ಆಲ್ವಿಯಾ ಹತ್ತಿ, ಇದನ್ನು ತಪ್ಪಿಸಿಕೊಳ್ಳಬೇಡಿ. ಯಾಕೆಂದು ಹೇಳಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ತಾಳಗುಪ್ಪದ ಕಡೆ ಮೀಟರ್ ಗೇಜ್ ಹಳಿಯ ಮೇಲೆ ರೈಲ್‌ಬಸ್ ಓಡುತ್ತಿದ್ದ ಕಾಲ ನಿಮಗೆ ನೆನಪಿರುತ್ತದೆ. ಗೇಜ್, ಅಂದರೆ ಹಳಿಗಳ ನಡುವಿನ ಅಗಲ, ಬೇರೆಯಾದರೆ ಒಂದು ಗಾಡಿ ಇನ್ನೊಂದು ಹಳಿಗೆ ಹೋಗಲಾರದು, ಇಳಿದು ಹತ್ತಲೇಬೇಕು ಅನ್ನುವುದು ನಾವು ಕಂಡುಂಡ ಸತ್ಯ. ಸ್ಪೇನಿನಲ್ಲೂ ಅದೇ ತೊಂದರೆ ಇತ್ತು. 1844ರಲ್ಲಿ ಅಲ್ಲಿನ ಎಂಜಿನಿಯರುಗಳು ಹಳಿಗಳ ನಡುವೆ ಆರು ಕ್ಯಾಸ್ಟೀಲಿಯನ್ ಅಡಿ ಅಗಲ ಇರಲಿ ಎಂದು ಶಿಫಾರಸು ಮಾಡಿದರು. ನೆರೆಯ ಫ್ರಾನ್ಸ್ 1,435 ಮಿಲಿಮೀಟರ್ ಹಳಿ ಹಾಕಿದರೆ ಸ್ಪೇನಿನದು ಇವತ್ತಿನ ಲೆಕ್ಕದಲ್ಲಿ 1,668 ಮಿಲಿಮೀಟರ್. ನಮ್ಮ ಬ್ರಾಡ್ ಗೇಜ್ 1,676. ಎಂಟೇ ಮಿಲಿಮೀಟರ್ ವ್ಯತ್ಯಾಸ, ನಮ್ಮ ಹಳಿಗೂ ಅವರ ಹಳಿಗೂ! 1992ರಲ್ಲಿ ಮ್ಯಾಡ್ರಿಡ್ ಮತ್ತು ಸೆವಿಯ್ಯಾ ನಡುವೆ ಮೊದಲ ಅತಿವೇಗದ ಮಾರ್ಗ ಕಟ್ಟಿದಾಗ ಮಾತ್ರ ಯುರೋಪಿನ 1,435ನ್ನೇ ಹಿಡಿದರು. ಈಗ ಚೀನಾ ಬಿಟ್ಟರೆ ಜಗತ್ತಿನಲ್ಲೇ ಅತಿ ಉದ್ದದ ಅತಿವೇಗದ ರೈಲುಜಾಲ ಸ್ಪೇನಿನದು. ಆದರೆ ಸಲಮಾಂಕಾದಂಥ ಚಿಕ್ಕ ಊರುಗಳಿಗೆ ಇನ್ನೂ ಹಳೆಯ ಅಗಲ ಹಳಿಯೇ.

ಆಲ್ವಿಯಾ ಈ ಎರಡಕ್ಕೂ ಸಲ್ಲುವ ಗಾಡಿ. ಸಲಮಾಂಕಾದಿಂದ ಹಳೆಯ ಹಳಿಯಲ್ಲಿ ಮೆದಿನಾ ದೆಲ್ ಕಾಂಪೊವರೆಗೆ ಬರುತ್ತದೆ. ಅಲ್ಲೊಂದು ಶೆಡ್ಡಿನಂಥ ಜಾಗ. ಗಾಡಿಯ ವೇಗ ಸೈಕಲ್ ಸವಾರನ ವೇಗಕ್ಕೆ ಇಳಿಯುತ್ತದೆ. ಬೋಗಿಯ ಭಾರವನ್ನು ಪಕ್ಕದ ಆಸರೆಗಳು ಹೊತ್ತುಕೊಳ್ಳುತ್ತವೆ, ಚಕ್ರದ ಬೀಗ ಸಡಿಲವಾಗುತ್ತದೆ, ಇಕ್ಕೆಲದ ಮಾರ್ಗದರ್ಶಿ ಹಳಿಗಳು ಚಕ್ರಗಳನ್ನು ಅಚ್ಚಿನ ಮೇಲೆ ಒಳಕ್ಕೆ ಸರಿಸುತ್ತವೆ, ಹೊಸ ಅಳತೆಗೆ ಬಂದ ಕೂಡಲೇ ಬೀಗ ಮತ್ತೆ ಬೀಳುತ್ತದೆ. ಗಾಡಿ ಪೂರ್ತಿ ನಿಲ್ಲುವುದೂ ಇಲ್ಲ, ಯಾರೂ ಇಳಿಯುವುದೂ ಇಲ್ಲ. ಕಿಟಕಿ ಪಕ್ಕ ಕಿವಿಗೊಟ್ಟು ಕೂತರೆ ಕಾಲಡಿಯಲ್ಲಿ ಕಟಕಟ ಎಂದು ಲೋಹದ ಸದ್ದು ಕೇಳುತ್ತದೆ, ಮೈಗೆ ಸಣ್ಣ ಅದುರು ತಾಗುತ್ತದೆ. ಪಕ್ಕದ ಪ್ರಯಾಣಿಕರು ಮೊಬೈಲಿನಿಂದ ತಲೆ ಎತ್ತುವುದಿಲ್ಲ, ಅವರಿಗೆ ಅದು ದಿನನಿತ್ಯದ್ದು. ನಾನು ಎಷ್ಟು ಸಲ ಹೋದರೂ ಆ ಎರಡು ಮೂರು ನಿಮಿಷ ಉಸಿರು ಬಿಗಿಹಿಡಿದು ಕೇಳುತ್ತೇನೆ. ಅಲ್ಲಿಂದ ಮುಂದೆ ಗಾಡಿ ಬಾಣದಂತೆ ಹೊರಟು, ಗ್ವಾದರ್ರಾಮ ಬೆಟ್ಟವನ್ನು 28 ಕಿಲೋಮೀಟರ್ ಉದ್ದದ ಸುರಂಗದೊಳಗೆ ದಾಟಿ ಚಮಾರ್ತಿನ್ ಸೇರುತ್ತದೆ. ಆ ಸುರಂಗ 2007ರಲ್ಲಿ ತೆರೆದದ್ದು.

ನೀವಿಬ್ಬರೂ 60 ದಾಟಿದವರಾದರೆ ರೆನ್ಫೆಯ ತಾರ್ಹೆತಾ ದೊರಾದಾ ಎಂಬ ಹಿರಿಯರ ಕಾರ್ಡು ಮಾಡಿಸಬಹುದು. ವರ್ಷಕ್ಕೆ 6 ಯೂರೋ, ಟಿಕೆಟ್ಟಿನಲ್ಲಿ ರಿಯಾಯಿತಿ. ಪಾಸ್‌ಪೋರ್ಟ್ ಹಿಡಿದು ಸಲಮಾಂಕಾ ಸ್ಟೇಷನ್ನಿನ ಕೌಂಟರಿನಲ್ಲಿ ವಿಚಾರಿಸಿ. ಇನ್ನೊಂದು ಅನುಕೂಲವನ್ನು ಬಹಳ ಜನ ಗಮನಿಸುವುದಿಲ್ಲ. ಆಲ್ವಿಯಾದಂಥ ದೂರದ ರೈಲಿನ ಟಿಕೆಟ್ಟಿನ ಮೇಲೆ ಸೆರ್ಕಾನಿಯಾಸ್‌ಗೆಂದು ಒಂದು ಕೋಡ್ ಇರುತ್ತದೆ. ಅದನ್ನು ಸ್ಟೇಷನ್ನಿನ ಯಂತ್ರದಲ್ಲಿ ಒತ್ತಿದರೆ ಚಮಾರ್ತಿನ್‌ನಿಂದ ನಾಲ್ಕನೇ ಟರ್ಮಿನಲ್‌ಗೆ ಲೋಕಲ್ ಟಿಕೆಟ್ ಉಚಿತವಾಗಿ ಬರುತ್ತದೆ. ಮೆಟ್ರೊದಲ್ಲಿ ಹೋದರೆ ವಿಮಾನ ನಿಲ್ದಾಣಕ್ಕೆಂದು ಮೂರು ಯೂರೋ ಹೆಚ್ಚುವರಿ ಕೊಡಬೇಕು, ಅದೂ ಉಳಿಯಿತು.

ಸ್ಟೇಷನ್ನಿನ ಹೆಸರಲ್ಲಿ ಮೋಸಹೋಗಬೇಡಿ. ಮ್ಯಾಡ್ರಿಡ್‌ನಲ್ಲಿ ಎರಡು ದೊಡ್ಡ ಸ್ಟೇಷನ್ನು. ಅತೋಚಾ ಎಲ್ಲರಿಗೂ ಗೊತ್ತು, ಫೋಟೋಗಳಲ್ಲಿ ಕಾಣುವುದೂ ಅದೇ. ಸಲಮಾಂಕಾದ ಗಾಡಿಗೆ ಬೇಕಾದದ್ದು ಚಮಾರ್ತಿನ್, ಬೋರ್ಡುಗಳಲ್ಲಿ ಈಗ ಚಮಾರ್ತಿನ್-ಕ್ಲಾರಾ ಕಾಂಪೊಆಮೊರ್ ಎಂದಿರುತ್ತದೆ. 1931ರಲ್ಲಿ ಸ್ಪೇನಿನ ಸಂಸತ್ತಿನಲ್ಲಿ ಹೆಂಗಸರ ಮತದಾನದ ಹಕ್ಕಿಗಾಗಿ ವಾದಿಸಿ ಗೆದ್ದ ವಕೀಲೆ ಆಕೆ. ನಿಮ್ಮ ಮಗಳಿಗೆ ಆ ಹೆಸರನ್ನು ಖಂಡಿತ ತೋರಿಸಿ.

ಆಲ್ವಿಯಾ ವೇಳೆ ಹೊಂದದಿದ್ದರೆ ಮೀಡಿಯಾ ದಿಸ್ತಾನ್ಸಿಯಾ ಎಂಬ ನಿಧಾನದ ರೈಲೂ ಇದೆ, ಆವಿಲಾ ಮೇಲೆ ಹಾದು ಮೂರು ಗಂಟೆಯ ಹತ್ತಿರ ತಗೊಳ್ಳುತ್ತದೆ. ಅವಸರವಿಲ್ಲದಿದ್ದರೆ ನನಗೆ ಇದೇ ಇಷ್ಟ. ಆವಿಲಾ ಸಮುದ್ರ ಮಟ್ಟದಿಂದ 1,100 ಮೀಟರಿಗೂ ಮೇಲಿರುವ ಕೋಟೆ ಊರು, ಎರಡೂವರೆ ಕಿಲೋಮೀಟರ್ ಸುತ್ತಳತೆಯ ಕಲ್ಲಿನ ಕೋಟೆ ಇವತ್ತಿಗೂ ಪೂರ್ತಿಯಾಗಿ ನಿಂತಿದೆ. ಇಳಿದು ಅರ್ಧ ದಿನ ನೋಡಿ ಮುಂದಿನ ಗಾಡಿ ಹಿಡಿಯುವುದಾದರೆ ಎರಡು ಬೇರೆ ಬೇರೆ ಟಿಕೆಟ್ ತೆಗೆಯಬೇಕು. ವಿಮಾನದ ದಿನ ಇದನ್ನು ಮಾಡಬೇಡಿ. ಮಧ್ಯದ ಯಾವುದಾದರೂ ದಿನ ಸಲಮಾಂಕಾದಿಂದಲೇ ಹೋಗಿಬನ್ನಿ.

ಇದನ್ನು ಓದುವ ಬೇರೆಯವರಿಗೆ ಒಂದು ಮಾತು. ಸೆಗೋವಿಯಾಕ್ಕೆ ಹೋಗುವವರು ರೈಲಿನ ಅರ್ಧ ಗಂಟೆಯ ವೇಗ ನೋಡಿ ಮರುಳಾಗುತ್ತಾರೆ. ಅಲ್ಲಿನ ಅತಿವೇಗದ ಸ್ಟೇಷನ್ನು ಊರಿನಿಂದ ಐದಾರು ಕಿಲೋಮೀಟರ್ ಆಚೆ, ಬಯಲಿನಲ್ಲಿದೆ. ಅಲ್ಲಿಂದ ಮತ್ತೆ ಬಸ್ಸು ಹಿಡಿಯಬೇಕು. ಕ್ವೆಂಕಾದಲ್ಲೂ ಹಾಗೆಯೇ. ಸಲಮಾಂಕಾದ ಸ್ಟೇಷನ್ನು ಊರೊಳಗೇ ಇರುವುದು ಪುಣ್ಯ.

ವಾಪಸಾಗುವ ದಿನ ರೈಲು ಚಮಾರ್ತಿನ್ ಮುಟ್ಟುವ ವೇಳೆಗೂ ವಿಮಾನ ಹೊರಡುವ ವೇಳೆಗೂ ನಡುವೆ ಐದು ಗಂಟೆಯಾದರೂ ಇರಲಿ. ಅಷ್ಟು ಅಂತರ ಸಿಗುವ ರೈಲು ಆ ದಿನ ಇಲ್ಲದಿದ್ದರೆ ಹಿಂಜರಿಯದೆ ಬಸ್ಸೇ ಹಿಡಿಯಿರಿ, ನೇರವಾಗಿ ಟರ್ಮಿನಲ್ ಬಾಗಿಲಿಗೆ ಬಿಡುತ್ತದೆ. ನಿಮ್ಮ ವಾಪಸಿನ ವಿಮಾನದ ದಿನಾಂಕ ಮತ್ತು ವೇಳೆ ಬರೆದು ಕಳಿಸಿದರೆ ಯಾವ ಗಾಡಿ ಹೊಂದುತ್ತದೆ ಎಂದು ನೋಡಿ ಹೇಳುತ್ತೇನೆ. ಅಮ್ಮನವರಿಗೆ ವಿಮಾನ ನಿಲ್ದಾಣದ ಗಾಲಿಕುರ್ಚಿ ಸೌಲಭ್ಯವನ್ನು ಟಿಕೆಟ್ ಕೊಟ್ಟ ವಿಮಾನ ಕಂಪನಿಯಲ್ಲಿ ಈಗಲೇ ಕೇಳಿ ಬರೆಸಿಡಿ, ಎರಡು ದಿನ ಮುಂಚೆಯಾದರೂ ತಿಳಿಸಿರಬೇಕು. ಇದಕ್ಕೆ ಹಣವಿಲ್ಲ. ಇಮಿಗ್ರೇಷನ್‌ನ ಉದ್ದದ ಕ್ಯೂನಲ್ಲಿ ಅವರ ಮಂಡಿಗೆ ಇದರಷ್ಟು ಉಪಕಾರ ಬೇರೆ ಯಾವುದರಿಂದಲೂ ಆಗುವುದಿಲ್ಲ.